ಬಿಸಿಲು ಕಾಣದ ಸಸಿ, ಚಳಿ ಕಾಣದ ಗೋಧಿ

ಹೋದ ವರ್ಷ ಚಿಂತಾಮಣಿ ಹತ್ತಿರದ ನಮ್ಮ ಭಾವನ ಹೊಲಕ್ಕೆ ಟೊಮೆಟೊ ಸಸಿ ತಂದಿದ್ದೆವು. 98 ಗುಳಿಯ ಪ್ಲಾಸ್ಟಿಕ್ ಟ್ರೇಗಳು. ಒಂದೊಂದು ಗುಳಿಯಲ್ಲೂ ಗೇಣುದ್ದದ ಸಸಿ, ತಿಳಿ ಹಸಿರು ಎಲೆ, ಎಳೆ ಬೀನ್ಸಿನಷ್ಟು ಮೆತ್ತಗಿನ ಕಾಂಡ. ದಾರಿಯಲ್ಲಿ ಹೋಗುವವರೂ ಗಾಡಿ ನಿಲ್ಲಿಸಿ ‘ಯಾವ ನರ್ಸರಿದು?’ ಅಂತ ಕೇಳಿದರು. ಸಂಜೆ ತಂಪು ಹೊತ್ತಿನಲ್ಲಿ ನೆಟ್ಟೆವು. ಮಾರನೆಯ ದಿನ ಮಧ್ಯಾಹ್ನಕ್ಕೆ ತಲೆ ಬಾಗಿಸಿದವು. ಮೂರನೆಯ ದಿನ ಸಾಲಿಗೆ ಸಾಲೇ ಮಲಗಿತ್ತು. ಡ್ರಿಪ್‌ನಲ್ಲಿ ನೀರು ಸರಿಯಾಗಿಯೇ ಬರುತ್ತಿತ್ತು. ರೋಗದ ಗುರುತೂ ಇರಲಿಲ್ಲ.

ಪಕ್ಕದ ತೋಟದ ತಾತ ಬಂದು ಒಂದು ಸಸಿಯ ಕಾಂಡವನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿದರು. ‘ಇವು ನೆಟ್ ಬಿಟ್ಟು ಆಚೆಗೇ ಬಂದಿಲ್ಲ ಕಣಪ್ಪ. ಬಿಸಿಲೇ ನೋಡಿಲ್ಲ’ ಅಂದರು.

ವಿಷಯ ಅಷ್ಟೇ. ಸಸಿ ಕೊಡುವ ಮುಂಚೆ ಒಂದು ವಾರ ಶೇಡ್‌ನೆಟ್‌ನಿಂದ ಹೊರಗಿಟ್ಟು, ನೀರು ಕಡಿಮೆ ಮಾಡಿ, ಬಿಸಿಲು ಗಾಳಿ ತೋರಿಸಬೇಕು. ನಮ್ಮ ಕಡೆ ನರ್ಸರಿಯವರು ಇದಕ್ಕೆ ‘ಹಾರ್ಡನಿಂಗ್’ ಅನ್ನುತ್ತಾರೆ. ಆ ಸಲ ಆರ್ಡರ್ ಜಾಸ್ತಿ ಇತ್ತೇನೋ, ಆ ವಾರವನ್ನು ಅವರು ನುಂಗಿಬಿಟ್ಟಿದ್ದರು. ದುಡ್ಡು ನಮ್ಮದು ಹೋಯಿತು.

ಅದೇ ಬೇಸರದಲ್ಲಿ ಈ ಹಾರ್ಡನಿಂಗ್ ಬಗ್ಗೆ ಓದುತ್ತಾ ಕೂತವನು ಕೆನಡಾದ ಗೋಧಿ ಹೊಲಕ್ಕೆ ಹೋಗಿ ಮುಟ್ಟಿದೆ. ಅಲ್ಲೂ ಇದೇ ಮಾತು. ನಮ್ಮ ಟೊಮೆಟೊ ಬಿಸಿಲಿಗೆ ಹದವಾಗಬೇಕು, ಅವರ ಗೋಧಿ ಚಳಿಗೆ ಹದವಾಗಬೇಕು. ಅಲ್ಲಿ ಶೇಡ್‌ನೆಟ್ ಎತ್ತುವವರು ಯಾರೂ ಇಲ್ಲ. ಆ ಕೆಲಸ ಶರತ್ಕಾಲದ ಹವೆಯದು.

ಕೆನಡಾ, ರಷ್ಯಾ, ಉತ್ತರ ಯುರೋಪಿನಲ್ಲಿ ‘ಚಳಿಗಾಲದ ಗೋಧಿ’ ಅಂತ ಒಂದು ಬಗೆ ಇದೆ. ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ಬಿತ್ತುತ್ತಾರೆ. ತೀರಾ ದಕ್ಷಿಣಕ್ಕೆ ಹೋದರೆ ಅಕ್ಟೋಬರ್. ಪೈರು ನಾಲ್ಕು ಬೆರಳು ಎದ್ದು ಒಂದೆರಡು ತೆಂಡೆ ಒಡೆಯುವಷ್ಟರಲ್ಲಿ ಚಳಿ ಶುರು. ಆಮೇಲೆ ತಿಂಗಳುಗಟ್ಟಲೆ ಹಿಮದಡಿ ಮಲಗಿರುತ್ತದೆ. ಏಪ್ರಿಲ್‌ನಲ್ಲಿ ಹಿಮ ಕರಗಿದ ಮೇಲೆ ಮತ್ತೆ ಚಿಗುರಿ, ಬೇಸಿಗೆಯಲ್ಲಿ ಕೊಯ್ಲಿಗೆ ಬರುತ್ತದೆ. ಬಾರ್ಲಿ, ರೈ, ಓಟ್ಸ್‌ನಲ್ಲೂ ಇಂಥ ಬಗೆಗಳಿವೆ. ನಮ್ಮ ಪಂಜಾಬ್, ಹರಿಯಾಣದ ಗೋಧಿ ಈ ಜಾತಿಯದ್ದಲ್ಲ. ತೆನೆ ಬಿಡಲು ಅದಕ್ಕೆ ಅಂಥ ಚಳಿ ಬೇಕಿಲ್ಲ, ಹಾಗಾಗಿ ನವೆಂಬರ್‌ನಲ್ಲಿ ಬಿತ್ತಿದರೂ ಅದು ಅಲ್ಲಿಯವರ ಲೆಕ್ಕದಲ್ಲಿ ‘ವಸಂತದ ಗೋಧಿ’.

ಒಂದು ಅಳತೆ ಇರಲಿ ಅಂತ ಹೇಳುತ್ತೇನೆ. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್, 1884ರ ಜನವರಿ 13ರಂದು. ಚಿಕ್ಕಬಳ್ಳಾಪುರದಲ್ಲಿ ಡಿಸೆಂಬರ್ ಬೆಳಿಗ್ಗೆ 12–13 ಡಿಗ್ರಿಗೆ ಬಂದರೆ ನಾವು ಮಫ್ಲರ್ ಸುತ್ತಿಕೊಂಡು ಟೀ ಅಂಗಡಿ ಮುಂದೆ ಬೆಂಕಿ ಹಾಕುತ್ತೇವೆ. ಚಳಿಗಾಲದ ಗೋಧಿ ‘ಓಹೋ, ಏನೋ ಬರ್ತಾ ಇದೆ’ ಅಂತ ಎಚ್ಚರಗೊಳ್ಳುವುದೇ ಉಷ್ಣಾಂಶ 10 ಡಿಗ್ರಿ ಆಸುಪಾಸಿಗೆ ಇಳಿದಾಗ. ನಮ್ಮ ದಾಖಲೆ ಚಳಿಯಲ್ಲಿ ಅದರ ಪಾಠ ಈಗಷ್ಟೇ ಶುರುವಾಗಿರುತ್ತದೆ.

ಚಳಿ ಗಿಡವನ್ನು ಕೊಲ್ಲುವುದು ಹೇಗೆ? ನಮ್ಮನೆ ಫ್ರಿಜ್‌ನಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಫ್ರೀಜರ್‌ಗೆ ತಗುಲಿಕೊಂಡು ಉಳಿದಿತ್ತು. ತೆಗೆದಾಗ ಗಾಜಿನ ಹಾಗೆ ಗರಿಗರಿ. ಕಟ್ಟೆಯ ಮೇಲಿಟ್ಟ ಹತ್ತು ನಿಮಿಷಕ್ಕೆ ಕಪ್ಪು ಹಸಿರು ಲೋಳೆಯಾಗಿ ನೀರು ಬಿಟ್ಟಿತು. ಎಲೆಯಲ್ಲಿ ಮಂಜುಗಡ್ಡೆ ಮೊದಲು ಕಟ್ಟುವುದು ಜೀವಕೋಶಗಳ ನಡುವಿನ ಸಂದಿಯಲ್ಲಿ. ಆ ಗಡ್ಡೆ ಒಳಗಿನ ನೀರನ್ನು ಹೊರಗೆ ಎಳೆಯುತ್ತಾ ಬೆಳೆಯುತ್ತದೆ. ಕೋಶ ಒಣದ್ರಾಕ್ಷಿ ಥರ ಮುದುಡುತ್ತದೆ. ಅದರ ಪೊರೆ ಮಡಿಚಿ, ಬಿರಿದು ಹೋಗುತ್ತದೆ. ಕೋಶದ ಒಳಗೇ ಮಂಜುಗಡ್ಡೆ ಕಟ್ಟಿದರಂತೂ ಮಾತೇ ಇಲ್ಲ. ಅಂದರೆ ಹಿಮದ ಸಾವು ಅರ್ಧಕ್ಕರ್ಧ ಬಾಯಾರಿಕೆಯ ಸಾವು. ಬರಕ್ಕೆ ತಾಳುವ ಉಪಾಯಗಳೂ ಚಳಿಗೆ ತಾಳುವ ಉಪಾಯಗಳೂ ಎಷ್ಟೋ ಕಡೆ ಒಂದೇ ಆಗಿರುವುದು ಇದಕ್ಕೇ. ಕೋಲಾರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹದವಾಗುವ ಗೋಧಿ ಮೊದಲು ಮಾಡುವ ಕೆಲಸ ಸಕ್ಕರೆ ಕೂಡಿಡುವುದು. ತಂಪು ಬಂದಾಗ ಬೆಳವಣಿಗೆ ನಿಧಾನವಾಗುತ್ತದೆ. ಆದರೆ ಬಿಸಿಲಿದ್ದರೆ ಎಲೆ ಮಾತ್ರ ಅಡುಗೆ ಮಾಡುತ್ತಲೇ ಇರುತ್ತದೆ. ತಿನ್ನುವವರು ಕಡಿಮೆ, ಅಡುಗೆ ಜಾಸ್ತಿ. ಮಿಕ್ಕಿದ್ದು ಬುಡದಲ್ಲಿ ಸಕ್ಕರೆಯಾಗಿ, ಫ್ರಕ್ಟಾನ್ ಎಂಬ ಸಕ್ಕರೆ ಸರಪಳಿಯಾಗಿ ಕೂಡುತ್ತದೆ. ಬೆಲ್ಲದ ನೀರು ಬರಿ ನೀರಿನಷ್ಟು ಬೇಗ ಹೆಪ್ಪುಗಟ್ಟುವುದಿಲ್ಲ ಅಲ್ವಾ? ಅದೊಂದು ಲಾಭ. ಹಿಮದಡಿಯ ಕತ್ತಲಲ್ಲಿ ತಿಂಗಳುಗಟ್ಟಲೆ ಉಸಿರಾಡಲು ಬುತ್ತಿಯೂ ಇದೇ. ಇದರ ಜೊತೆಗೆ ಕೋಶ ತನ್ನಲ್ಲಿರುವ ನೀರನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಪೊರೆಗೂ ಪ್ರೋಟೀನಿಗೂ ಆಸರೆಯಾಗುವ ಬೇರೆ ಪ್ರೋಟೀನುಗಳು ಹುಟ್ಟುತ್ತವೆ. ರೈ ಗಿಡದಲ್ಲಿ ಮಂಜುಗಡ್ಡೆಯ ಹರಳಿಗೇ ಅಂಟಿಕೊಂಡು ಅದು ದೊಡ್ಡದಾಗದಂತೆ ತಡೆಯುವ ಪ್ರೋಟೀನುಗಳೂ ಸಿಕ್ಕಿವೆ.

ನನಗೆ ತುಂಬ ಇಷ್ಟವಾದದ್ದು ಎಣ್ಣೆಯ ಲೆಕ್ಕ. ತಿಪಟೂರಿನ ಕೊಬ್ಬರಿ ಎಣ್ಣೆ ಬಾಟಲಿ ಯಾರ ಮನೆಯಲ್ಲಿಲ್ಲ? ಉಷ್ಣಾಂಶ 24 ಡಿಗ್ರಿಯಿಂದ ಕೆಳಗೆ ಇಳಿಯಿತು ಅಂದರೆ ಅದು ಬೆಣ್ಣೆಯಂತೆ ಗಟ್ಟಿ. ಚಳಿಗಾಲದ ಬೆಳಿಗ್ಗೆ ತಲೆಗೆ ಹಚ್ಚಬೇಕಾದರೆ ಬಿಸಿಲಿಗಿಡಬೇಕು, ಇಲ್ಲ ಬಚ್ಚಲ ಒಲೆ ಪಕ್ಕ ಇಡಬೇಕು. ಅದೇ ಗೂಡಿನಲ್ಲಿರುವ ಕಡಲೆಕಾಯಿ ಎಣ್ಣೆಗೆ ಏನೂ ಆಗಿರುವುದಿಲ್ಲ. ಕೊಬ್ಬಿನ ಅಣುಗಳ ಬಾಲ ನೇರವಾಗಿದ್ದರೆ ಸೌದೆ ಒಟ್ಟಿದ ಹಾಗೆ ಒತ್ತಾಗಿ ಕೂರುತ್ತವೆ, ಬೇಗ ಗಟ್ಟಿಯಾಗುತ್ತವೆ. ಬಾಲ ಸೊಟ್ಟಗಿದ್ದರೆ ಒತ್ತಾಗಿ ಕೂರಲು ಆಗದೆ ಚಳಿಯಲ್ಲೂ ಹರಿದಾಡುತ್ತವೆ. ಜೀವಕೋಶದ ಪೊರೆಯೂ ಕೊಬ್ಬಿನದ್ದೇ. ಶರತ್ಕಾಲದ ತಂಪಿನಲ್ಲಿ ಗೋಧಿ ತನ್ನ ಪೊರೆಯಲ್ಲಿ ಸೊಟ್ಟ ಬಾಲದ ಕೊಬ್ಬನ್ನು ಜಾಸ್ತಿ ಮಾಡಿಕೊಳ್ಳುತ್ತದೆ. ಪೊರೆ ಬಿರುಸಾಗದೆ ಬಳುಕುತ್ತದೆ. ಕೊಬ್ಬರಿ ಎಣ್ಣೆ ತಾನಾಗಿಯೇ ಒಂದಿಷ್ಟು ಕಡಲೆಕಾಯಿ ಎಣ್ಣೆಯಾದ ಹಾಗೆ ಅನ್ನಿ.

ಇದೆಲ್ಲ ಒಂದು ರಾತ್ರಿಯ ಕೆಲಸ ಅಲ್ಲ. ಮೊದಲ ಒಂದೆರಡು ವಾರ ಬೇಗ ಬೇಗ ಆಗುತ್ತದೆ. ಪೂರ್ತಿ ಹದ ಬರಲು ಒಂದರಿಂದ ಎರಡು ತಿಂಗಳೇ ಹಿಡಿಯಬಹುದು. ಸೋವಿಯತ್ ಸಸ್ಯವಿಜ್ಞಾನಿ ತುಮಾನೊವ್ ಇದನ್ನು ಎರಡು ಮೆಟ್ಟಿಲಾಗಿ ವಿವರಿಸಿದರು. ಮೊದಲನೆಯದು ಸೊನ್ನೆಗಿಂತ ಸ್ವಲ್ಪ ಮೇಲಿನ ತಂಪು, ಜೊತೆಗೆ ಬಿಸಿಲು. ಎರಡನೆಯದು ಸೊನ್ನೆಗಿಂತ ಸ್ವಲ್ಪ ಕೆಳಗಿನ ಹಗುರ ಹಿಮ. ಮೊದಲನೆಯದರಲ್ಲಿ ಸಕ್ಕರೆ ಸೇರಬೇಕು, ಎರಡನೆಯದರಲ್ಲಿ ಕೋಶ ನೀರು ಬಿಟ್ಟು ಬಿಗಿಯಾಗಬೇಕು.

ಎಷ್ಟು ಹದವಾಗಿದೆ ಅಂತ ನೋಡುವ ಪರೀಕ್ಷೆ ಕ್ರೂರ, ಆದರೆ ಸರಳ. ಹೊಲದಿಂದ ಪೈರು ಕಿತ್ತು ತಂದು ಫ್ರೀಜರ್‌ನಲ್ಲಿಡುತ್ತಾರೆ. ಉಷ್ಣಾಂಶವನ್ನು ಮೆಲ್ಲಗೆ ಇಳಿಸುತ್ತಾ, ಎರಡೆರಡು ಡಿಗ್ರಿಗೊಮ್ಮೆ ಒಂದೊಂದು ಹಿಡಿ ಹೊರಗೆ ತೆಗೆದು ಮತ್ತೆ ನೆಡುತ್ತಾರೆ. ಕೆಲವು ವಾರ ಬಿಟ್ಟು ಎಷ್ಟು ಚಿಗುರಿದವು ಅಂತ ಎಣಿಸುತ್ತಾರೆ. ಅರ್ಧ ಸತ್ತು ಅರ್ಧ ಉಳಿದ ಉಷ್ಣಾಂಶವೇ ಆ ಬೆಳೆಯ ಮಿತಿ. ಬೆಚ್ಚಗೆ ಬೆಳೆದ ಗೋಧಿ ಮೈನಸ್ 5ರ ಒಳಗೇ ಮುಗಿಯುತ್ತದೆ. ಕೆನಡಾದ ಲೆತ್‌ಬ್ರಿಜ್‌ನಲ್ಲಿ ತಯಾರಾಗಿ 1977ರಲ್ಲಿ ಬಿಡುಗಡೆಯಾದ ನಾರ್‌ಸ್ಟಾರ್ ತಳಿ ಚೆನ್ನಾಗಿ ಹದವಾದರೆ ಮೈನಸ್ 20ರ ಆಸುಪಾಸಿನವರೆಗೆ ತಡೆಯುತ್ತದೆ. ಗಟ್ಟಿಮುಟ್ಟಾದ ರೈ ಅದಕ್ಕಿಂತಲೂ ಕೆಳಕ್ಕೆ ಹೋಗುತ್ತದೆ. ಬಾರ್ಲಿ ಗೋಧಿಗಿಂತ ಮೆತ್ತಗೆ, ಓಟ್ಸ್ ಇನ್ನೂ ಮೆತ್ತಗೆ. ಅದೇ ಬೀಜ, ಅದೇ ಜೀನು ಇಟ್ಟುಕೊಂಡ ಒಂದು ತಳಿ ಶರತ್ಕಾಲ ಸರಿಯಾಗಿ ಸಿಕ್ಕಿತೋ ಇಲ್ಲವೋ ಅನ್ನುವುದರ ಮೇಲೆ ಹದಿನೈದು ಡಿಗ್ರಿ ಆಚೀಚೆ ಆಗುತ್ತದೆ.

ಇನ್ನೊಂದು ಮಾತು. ಹಿಮದಲ್ಲಿ ಎಲೆಗಳೆಲ್ಲ ಸುಟ್ಟು ಹೋದರೂ ಗೋಧಿಗೆ ಅಷ್ಟು ಚಿಂತೆಯಿಲ್ಲ. ಜೀವ ಇರುವುದು ಮಣ್ಣಿನ ಒಂದು ಇಂಚು ಕೆಳಗಿರುವ ಬುಡದಲ್ಲಿ, ಅದರೊಳಗಿನ ಸುಳಿಯಲ್ಲಿ. ಸುಳಿ ಹೋದರೆ ತೆಂಗಾದರೂ ಅಷ್ಟೇ, ಗೋಧಿಯಾದರೂ ಅಷ್ಟೇ. ನಾಲ್ಕು ಇಂಚು ಹಿಮ ಬಿದ್ದರೆ ಅದೇ ಕಂಬಳಿಯಾಗಿ ಮೇಲಿನ ಗಾಳಿಗಿಂತ ಸುಳಿಯನ್ನು ಎಷ್ಟೋ ಬೆಚ್ಚಗಿಡುತ್ತದೆ. ಹಿಮ ಬೀಳದೆ ಬರೀ ಕೊರೆಯುವ ಚಳಿ ಬಂದ ವರ್ಷವೇ ರೈತರಿಗೆ ಭಯ.

ಹಾಗಾದರೆ ಶರತ್ಕಾಲ ಹೇಗೆಲ್ಲ ಕೆಡಬಹುದು? ಬೆಚ್ಚಗಿದ್ದು ಕೆಡಬಹುದು. ಪೈರು ಮೈಮರೆತು ಬೆಳೆಯುತ್ತಾ ಹೋಗುತ್ತದೆ. ಸಕ್ಕರೆಯೆಲ್ಲ ಎಲೆ ಮಾಡುವುದಕ್ಕೆ ಖರ್ಚು. ನಮ್ಮ ಟ್ರೇಯಲ್ಲಿದ್ದ ಸಸಿಯ ಹಾಗೆ ನೋಡೋಕೆ ಚೆಂದ. ಯೂರಿಯಾ ಜಾಸ್ತಿ ಸುರಿದಿದ್ದರೆ ಇನ್ನೂ ಚೆಂದ, ಇನ್ನೂ ಅಪಾಯ. ಬೇಗ ಬಿತ್ತಿದರೆ ಇದೇ ಪಾಡು. ತೀರಾ ತಡವಾಗಿ ಬಿತ್ತಿದರೆ ಸಕ್ಕರೆ ಮಾಡಲು ಎಲೆಯೇ ಇರುವುದಿಲ್ಲ. ಮೂರು ಎಲೆ, ಒಂದು ತೆಂಡೆ ಬಂದ ಮೇಲೆ ಚಳಿ ಹಿಡಿದರೆ ಒಳ್ಳೆಯದು ಅನ್ನುವುದು ಅಲ್ಲಿನವರ ಲೆಕ್ಕ.

ಮೋಡ ಮುಸುಕಿಯೂ ಕೆಡಬಹುದು. ತಂಪಿದೆ, ಆದರೆ ವಾರಗಟ್ಟಲೆ ಬಿಸಿಲಿಲ್ಲ. ಆಗ ಪಾಠ ಉಂಟು, ಬುತ್ತಿ ಇಲ್ಲ. ಮಳೆ ಹೆಚ್ಚಾಗಿ ಮಣ್ಣು ರೊಚ್ಚೆಯಾದರೆ ಬುಡ ನೀರು ಕುಡಿದು ಊದಿಕೊಂಡಿರುತ್ತದೆ, ಬೇಗ ಹೆಪ್ಪುಗಟ್ಟುತ್ತದೆ. ನಿಂತ ನೀರು ಗಡ್ಡೆಯಾಗಿ ಪೈರನ್ನು ಮುಚ್ಚಿದರೆ ಉಸಿರುಗಟ್ಟುತ್ತದೆ. ಹಾಗಂತ ತೀರಾ ಒಣಗಿದ್ದರೂ ಕಷ್ಟ. ಒಣ ಮಣ್ಣು ಬೇಗ ತಣಿದು ಚಳಿಯನ್ನು ಆಳಕ್ಕೆ ಬಿಡುತ್ತದೆ. ಎಲ್ಲ ಊರಿನ ಬೇಸಾಯವೂ ಹೀಗೇ, ಹೆಚ್ಚಾದರೂ ಕಷ್ಟ, ಕಮ್ಮಿಯಾದರೂ ಕಷ್ಟ.

ಕಲಿತದ್ದು ಮರೆತೂ ಹೋಗುತ್ತದೆ. ನಡು ಚಳಿಗಾಲದಲ್ಲಿ ಒಂದು ವಾರ ಸುಮ್ನೆ ಬೆಚ್ಚಗಾದರೆ ಸಾಕು, ಗೋಧಿ ಹದ ಬಿಡಲು ಶುರು ಮಾಡುತ್ತದೆ. ಹದ ಬರಲು ವಾರಗಳು, ಹೋಗಲು ದಿನಗಳು. ಆಮೇಲೆ ಚಳಿ ಮರಳಿದರೆ ಮತ್ತೆ ಕಲಿಯಬಲ್ಲದೇ? ಅದು ಇನ್ನೊಂದು ಗಡಿಯಾರವನ್ನು ಅವಲಂಬಿಸಿದೆ. ಚಳಿಗಾಲದ ಗೋಧಿಗೆ ತೆನೆ ಬಿಡಲೂ ಕೆಲವು ವಾರಗಳ ಚಳಿ ಬೇಕು. ಜರ್ಮನಿಯ ಗಾಸ್ನರ್ 1918ರಲ್ಲೇ ಇದನ್ನು ತೋರಿಸಿದ್ದರು. ಆ ಚಳಿಯ ಕೋಟಾ ಮುಗಿಯುವವರೆಗೆ ಗಿಡ ಮತ್ತೆ ಮತ್ತೆ ಹದವಾಗಬಲ್ಲದು. ಮುಗಿದ ಮೇಲೆ ಅದರ ಗಮನವೆಲ್ಲ ತೆನೆಯ ಕಡೆ. ಹಾಗಾಗಿ ಡಿಸೆಂಬರ್‌ನ ಬಿಸುಪನ್ನು ಅದು ಸಹಿಸೀತು. ಫೆಬ್ರವರಿ ಕೊನೆಯ ಬಿಸುಪು, ಅದರ ಹಿಂದೆಯೇ ಬರುವ ಹಿಮ, ಇದು ಮೋಸ. ಅಂದ ಹಾಗೆ, ಈ ಗೋಧಿಯನ್ನು ತಂದು ಚಿಕ್ಕಬಳ್ಳಾಪುರದಲ್ಲಿ ಬಿತ್ತಿದರೆ ದನಕ್ಕೆ ಒಳ್ಳೆಯ ಹುಲ್ಲಾದೀತು. ತೆನೆ ಬರುವುದು ಅನುಮಾನ.

ಈಗ ಭೂಮಿ ಬೆಚ್ಚಗಾಗುತ್ತಿದೆ, ಚಳಿಗಾಲದ ಗೋಧಿಗೆ ಸುಖ ಅಂತ ಯಾರಿಗಾದರೂ ಅನ್ನಿಸಬಹುದು. ನನಗೂ ಅನ್ನಿಸಿತ್ತು. ತೊಡಕು ಎಲ್ಲಿದೆ ಅಂದರೆ, ಚಳಿ ತಡವಾಗಿ ಬರುತ್ತದೆ, ಹಗಲು ಮಾತ್ರ ತನ್ನ ಹೊತ್ತಿಗೇ ಮೊಟಕಾಗುತ್ತದೆ. ಕೆನಡಾದ ಸಸ್ಕಟೂನ್‌ನಲ್ಲಿ ಸೆಪ್ಟೆಂಬರ್ ಕೊನೆಯಲ್ಲಿ ಹಗಲು ಹೆಚ್ಚು ಕಡಿಮೆ 12 ಗಂಟೆ. ನವೆಂಬರ್ ಕೊನೆಗೆ ಸುಮಾರು 8. ಅದು ಸೂರ್ಯನ ಲೆಕ್ಕ, ಕಾರ್ಬನ್ ಡೈಆಕ್ಸೈಡಿಗೂ ಅದಕ್ಕೂ ಸಂಬಂಧವಿಲ್ಲ. ತಂಪು ಒಂದು ತಿಂಗಳು ತಡವಾಗಿ ಬಂದರೆ, ಗೋಧಿ ಅದೇ ಪಾಠವನ್ನು ಸಣ್ಣ ಹಗಲಿನ, ಮಂಕು ಬಿಸಿಲಿನ ದಿನಗಳಲ್ಲಿ ಕಲಿಯಬೇಕು. ಉತ್ತರಕ್ಕೆ ಹೋದಷ್ಟೂ ಈ ಇಕ್ಕಟ್ಟು ಜಾಸ್ತಿ. ಸಕ್ಕರೆ ಕಮ್ಮಿ ಇಟ್ಟುಕೊಂಡ ಪೈರಿನ ಮೇಲೆ ಒಂದೇ ಒಂದು ರಾತ್ರಿ ಮೈನಸ್ 18 ಬಂದರೂ ಸಾಕು. ಸರಾಸರಿ ಚಳಿಗಾಲ ಬೆಚ್ಚಗಿತ್ತು ಅನ್ನುವುದು ಆ ರಾತ್ರಿ ಉಪಯೋಗಕ್ಕೆ ಬರುವುದಿಲ್ಲ.

ನಮ್ಮ ರಾಗಿಗೆ ಈ ವಿದ್ಯೆಯೇ ಗೊತ್ತಿಲ್ಲ. ಹಿಮ ಕಚ್ಚಿದರೆ ಮುಗೀತು. ಪುಣ್ಯಕ್ಕೆ ಇಲ್ಲಿ ಹಿಮ ಬೀಳುವುದಿಲ್ಲ. ಆದರೆ ಹಗಲನ್ನು ಓದುವ ಬೆಳೆ ನಮ್ಮಲ್ಲೂ ಇದೆ, ಅವರೆ. ನಮ್ಮಲ್ಲಿ ವರ್ಷದ ಅತಿ ಸಣ್ಣ ಹಗಲೂ ಸುಮಾರು 11 ಗಂಟೆ 20 ನಿಮಿಷ ಇರುತ್ತದೆ, ಅತಿ ದೊಡ್ಡದಕ್ಕೂ ಅದಕ್ಕೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಅಷ್ಟನ್ನೇ ಹಿಡಿದು ನಾಟಿ ಅವರೆ ಹೂ ಬಿಡುತ್ತದೆ. ರಾಗಿ ಜೊತೆ ಅಕ್ಕಡಿಗೆ ಯಾವಾಗ ಹಾಕಿದರೂ ಹಗಲು ಮೊಟಕಾಗುವವರೆಗೆ ಬರೀ ಬಳ್ಳಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ತಳಿಗಳಿಗೆ ಈ ಹಗಲಿನ ಹಂಗಿಲ್ಲ, ವರ್ಷಪೂರ್ತಿ ಕಾಯಿ ಸಿಗುವುದು ಅದಕ್ಕೇ.

ಕಾಯಿಯ ಸೊಗಡು ಮಾತ್ರ ಮಂಜಿನಿಂದಲೇ ಬರುವುದು ಅಂತ ಅಮ್ಮನ ವಾದ. ಹೋದ ಡಿಸೆಂಬರ್‌ನಲ್ಲಿ ಭಾವನ ಹೊಲದ ನಾಟಿ ಅವರೆ ಎಂದಿನ ಹೊತ್ತಿಗೆ ಸರಿಯಾಗಿ ಕಾಯಿ ಕಟ್ಟಿತು. ಚಳಿಯ ಸುಳಿವೇ ಇರಲಿಲ್ಲ, ರಾತ್ರಿ ಫ್ಯಾನ್ ಹಾಕಿಕೊಂಡು ಮಲಗಿದ್ದೆವು. ಅಮ್ಮ ಒಂದು ಕಾಯಿ ಉಜ್ಜಿ ಮೂಸಿ ನೋಡಿ, ‘ಟೈಮಿಗೇನೋ ಬಂದಿದೆ. ಮಂಜು ಬಿದ್ದಿಲ್ಲ ಇದಕ್ಕೆ’ ಅಂತ ಬುಟ್ಟಿಗೆ ಹಾಕಿದರು. ಅಂದು ಸಾರಿಗೆ ಒಂದು ಹಿಡಿ ಸೊಪ್ಪು ಜಾಸ್ತಿಯೇ ಬಿತ್ತು.