ಪದ ಪರಿಚಯ: ‘ಕಠಿಣ ಸಜೆ’ಯಲ್ಲಿ ಕಠಿಣ ಅಂದರೆ ಏನು?

ಯಾರಾದರೂ ಜೈಲಿಗೆ ಹೋದರೆ ನಮ್ಮಲ್ಲಿ ಎರಡು ಮಾತು ಓಡಾಡುತ್ತವೆ. ‘ಕಂಬಿ ಎಣಿಸ್ತಾ ಇದ್ದಾನೆ’ ಅನ್ನುವುದು ಒಂದು. ‘ಮುದ್ದೆ ಮುರೀತಾ ಇದ್ದಾನೆ’ ಅನ್ನುವುದು ಇನ್ನೊಂದು. ಎರಡರಲ್ಲೂ ಕಾಣುವ ಚಿತ್ರ ಒಂದೇ. ಕೆಲಸವಿಲ್ಲದೆ ಸುಮ್ನೆ ಕೂತ ಮನುಷ್ಯ. ಹೊತ್ತಿಗೆ ಊಟ, ಉಳಿದ ಹೊತ್ತೆಲ್ಲ ಗೋಡೆ.

ಈಗ ಪೇಪರಿನಲ್ಲಿ ಬರುವ ತೀರ್ಪಿನ ಸುದ್ದಿ ನೆನಪಿಸಿಕೊಳ್ಳಿ. ‘7 ವರ್ಷ ಕಠಿಣ ಸಜೆ’ ಎಂದಿರುತ್ತದೆ. ಕೆಲವೊಮ್ಮೆ ‘6 ತಿಂಗಳು ಸಾದಾ ಸಜೆ’ ಎಂದಿರುತ್ತದೆ. ಚಿಕ್ಕಂದಿನಲ್ಲಿ ನಾನು ಕಠಿಣ ಸಜೆ ಅಂದರೆ ಕತ್ತಲೆ ಕೋಣೆ, ಕಾಲಿಗೆ ಸರಪಳಿ, ಅರೆಹೊಟ್ಟೆ ಊಟ ಅಂದುಕೊಂಡಿದ್ದೆ. ಈಗಲೂ ಹಾಗೆ ತಿಳಿದವರು ಬಹಳ ಜನ ಇದ್ದಾರೆ. ಕಾನೂನು ಹೇಳುವುದು ಬೇರೆ. ಎರಡು ಸಜೆಗಳ ನಡುವೆ ಕಾನೂನು ಎಳೆದ ಗೆರೆ ಒಂದೇ, ಅದು ಕೆಲಸ.

1860ರ ಭಾರತೀಯ ದಂಡ ಸಂಹಿತೆಯ 53ನೇ ಕಲಂ ಜೈಲು ಶಿಕ್ಷೆಯನ್ನು ಎರಡು ಬಗೆ ಮಾಡಿತು. ಕಠಿಣ ಅಂದರೆ ಮೈಮುರಿ ದುಡಿಮೆ ಇರುವ ಸಜೆ. ಸಾದಾ ಅಂದರೆ ದುಡಿಮೆಯ ಕಡ್ಡಾಯ ಇಲ್ಲದ ಸಜೆ. 2024ರ ಜುಲೈ 1ರಿಂದ ಆ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 4ನೇ ಕಲಮಿನಲ್ಲೂ ಇದೇ ಎರಡು ಬಗೆ ಉಳಿದಿವೆ. ಜೀವಾವಧಿ ಶಿಕ್ಷೆಯೂ ಕಠಿಣ ಸಜೆಯೇ ಎಂದು ಸುಪ್ರೀಂ ಕೋರ್ಟ್ 1983ರಲ್ಲಿ ನಾಯಬ್ ಸಿಂಗ್ ಪ್ರಕರಣದಲ್ಲಿ ಹೇಳಿದೆ.

ಅಂದರೆ ಇದು ನಿಜಕ್ಕೂ ‘ದುಡಿಮೆಯ ಸಜೆ’. ಕನ್ನಡಕ್ಕೆ ಬರುವಾಗ ‘ಕಠಿಣ’ ಉಳಿಯಿತು, ‘ದುಡಿಮೆ’ ಬಿದ್ದುಹೋಯಿತು. ಪದ ಹೀಗೆ ಅರ್ಧವಾದ್ದರಿಂದ ನಮ್ಮ ಯೋಚನೆಯೂ ಅರ್ಧವಾಯಿತು ಅಂತ ನನಗೆ ಅನ್ನಿಸುತ್ತದೆ. ಒಳಗಿರುವವರು ಏನು ಕೆಲಸ ಮಾಡುತ್ತಾರೆ, ಆ ಕೆಲಸ ಅವರಿಗೆ ಹೊರಗೆ ಬಂದ ಮೇಲೆ ಅನ್ನ ಕೊಡುತ್ತದಾ ಅಂತ ನಾವು ಕೇಳುವುದೇ ಇಲ್ಲ ಅಲ್ವಾ?

ಬ್ರಿಟಿಷರ ಕಾಲದ 1894ರ ಕಾರಾಗೃಹ ಕಾಯ್ದೆ ಈ ದುಡಿಮೆಗೆ ಲೆಕ್ಕ ಇಟ್ಟಿತು. ದಿನಕ್ಕೆ 9 ಗಂಟೆಗಿಂತ ಜಾಸ್ತಿ ದುಡಿಸುವ ಹಾಗಿಲ್ಲ. ತುರ್ತು ಇದ್ದರೆ ಸೂಪರಿಂಟೆಂಡೆಂಟರ ಲಿಖಿತ ಅನುಮತಿ ಬೇಕು. 15 ದಿನಕ್ಕೆ ಒಮ್ಮೆಯಾದರೂ ದುಡಿಯುವ ಕೈದಿಯ ತೂಕವನ್ನು ಅವನ ಚೀಟಿಯಲ್ಲಿ ಬರೆಸಬೇಕು. ಈ ತೂಕದ ಮಾತು ಓದಿದಾಗ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ದುಡಿಸಿ ದುಡಿಸಿ ಮನುಷ್ಯ ಸವೆದುಹೋಗುವ ಭಯ ಕಾನೂನು ಬರೆದವರಿಗೇ ಇತ್ತು. ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತೂ ಇದೆ. ಸಾದಾ ಸಜೆಯವರು ತಾವಾಗಿ ಕೆಲಸ ಬೇಕು ಅಂದರೆ ಅವರಿಗೂ ಕೆಲಸ ಒದಗಿಸಬೇಕು. ಸುಮ್ಮನೆ ಕೂರುವುದೇ ದೊಡ್ಡ ಶಿಕ್ಷೆ ಎಂಬುದು ಒಳಗಿದ್ದವರಿಗೆ ಮೊದಲಿನಿಂದಲೂ ಗೊತ್ತು.

ಆಗಿನ ದುಡಿಮೆ ಎಂಥದ್ದು ಅಂತ ನೋಡಬೇಕು. 1818ರಲ್ಲಿ ಇಂಗ್ಲೆಂಡಿನ ವಿಲಿಯಂ ಕ್ಯೂಬಿಟ್ ಎಂಬ ಎಂಜಿನಿಯರ್ ಜೈಲಿಗೆಂದು ಒಂದು ದೊಡ್ಡ ಚಕ್ರ ಮಾಡಿಕೊಟ್ಟ. ಚಕ್ರದ ಸುತ್ತ ಮೆಟ್ಟಿಲು. ಕೈದಿಗಳು ಗಂಟೆಗಟ್ಟಲೆ ಆ ಮೆಟ್ಟಿಲು ಹತ್ತುತ್ತಲೇ ಇರಬೇಕು. ಚಕ್ರ ತಿರುಗುತ್ತದೆ, ಹತ್ತುವವನು ಇದ್ದಲ್ಲೇ ಇರುತ್ತಾನೆ. ಕೆಲವು ಕಡೆ ಅದರಿಂದ ಹಿಟ್ಟು ಬೀಸಿದರು, ನೀರೆತ್ತಿದರು. ಎಷ್ಟೋ ಕಡೆ ಅದು ಏನನ್ನೂ ಬೀಸಲಿಲ್ಲ. ದಣಿಸುವುದಷ್ಟೇ ಅದರ ಕೆಲಸವಾಗಿತ್ತು. ಅಲ್ಲಿ ಅದನ್ನು ನಿಲ್ಲಿಸಲು 1898ರ ಕಾನೂನು ಬರಬೇಕಾಯಿತು.

ನಮ್ಮಲ್ಲಿ ಅಂಡಮಾನಿನ ಸೆಲ್ಯುಲರ್ ಜೈಲಿನ ಗಾಣ ಎಲ್ಲರಿಗೂ ಗೊತ್ತು. ಎತ್ತಿನ ಜಾಗದಲ್ಲಿ ಮನುಷ್ಯರು. ಒಬ್ಬನಿಗೆ ದಿನಕ್ಕೆ 30 ಪೌಂಡ್ ಕೊಬ್ಬರಿ ಎಣ್ಣೆಯ ಗುರಿ, ಅಂದರೆ 13 ಕಿಲೋಗೂ ಜಾಸ್ತಿ. ಅದು ಮುಗಿಯದಿದ್ದರೆ ಮತ್ತೆ ಶಿಕ್ಷೆ. ಆ ಜೈಲು ಕಟ್ಟುವುದಕ್ಕೂ ಸ್ವಲ್ಪ ಮುಂಚೆ ಆಗ್ರಾ ಜೈಲಿನ ಕೈದಿಗಳು ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವಕ್ಕೆಂದು ಒಂದು ಭಾರಿ ಜಮಖಾನೆ ನೇಯ್ದರು. ಅದು ವಿಂಡ್ಸರ್ ಅರಮನೆಯ ವಾಟರ್ಲೂ ಚೇಂಬರ್ ಎಂಬ ದೊಡ್ಡ ಸಭಾಂಗಣ ಸೇರಿತು. ನೇಯ್ದವರ ಹೆಸರು ಯಾರಿಗೂ ನೆನಪಿಲ್ಲ. ಕೈಚಳಕ ಇತ್ತು, ಕಲಿಕೆ ಇತ್ತು. ಆದರೆ ಆ ಕಲಿಕೆ ಅವರದಾಗಲಿ ಎಂಬ ಉದ್ದೇಶ ಯಾರಿಗೂ ಇರಲಿಲ್ಲ.

ಸ್ವಾತಂತ್ರ್ಯದ ನಂತರ ‘ಕಠಿಣ’ ಪದದ ಅರ್ಥ ನಿಧಾನವಾಗಿ ತಿರುಗಿತು. 1977ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಒಬ್ಬ ಯುವಕನ ವಂಚನೆ ಪ್ರಕರಣದಲ್ಲಿ ಶಿಕ್ಷೆ ಕಡಿಮೆ ಮಾಡಿದರು. ಜೊತೆಗೆ ಅವನಿಗೆ ಎಂಥ ಕೆಲಸ ಕೊಡಬೇಕು ಎಂದೂ ಬರೆದರು. ಯಂತ್ರದ ಹಾಗೆ ಒಂದೇ ಸಮ ಮಾಡುವ, ಮನುಷ್ಯನನ್ನು ಕುಗ್ಗಿಸುವ ಕೆಲಸ ಬೇಡ. ಬುದ್ಧಿಗೆ ಕೆಲಸ ಇರಲಿ, ಜೊತೆಗೆ ಸ್ವಲ್ಪ ಮೈದುಡಿಮೆ ಇರಲಿ ಎಂಬುದು ಆ ಮಾತಿನ ತಾತ್ಪರ್ಯ.

ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳು ಇದನ್ನೇ ಇನ್ನೂ ಸ್ಪಷ್ಟವಾಗಿ ಹೇಳುತ್ತವೆ. ಜೈಲಿನ ಕೆಲಸ, ಬಿಡುಗಡೆಯಾದ ಮೇಲೆ ಪ್ರಾಮಾಣಿಕವಾಗಿ ಸಂಪಾದಿಸುವ ಶಕ್ತಿಯನ್ನು ಉಳಿಸಬೇಕು ಅಥವಾ ಬೆಳೆಸಬೇಕು. ಕೆಲಸ ಮಾಡುವ ರೀತಿ ಆದಷ್ಟು ಹೊರಗಿನ ಹಾಗೇ ಇರಬೇಕು. ಲಾಭಕ್ಕಾಗಿ ತರಬೇತಿಯನ್ನು ಬಲಿಕೊಡಬಾರದು. ಕೂಲಿ ನ್ಯಾಯವಾಗಿರಬೇಕು. ಅದರಲ್ಲಿ ಒಂದು ಭಾಗವನ್ನು ಮನೆಗೆ ಕಳಿಸಲು ಬಿಡಬೇಕು, ಇನ್ನೊಂದು ಭಾಗವನ್ನು ಕೂಡಿಟ್ಟು ಬಿಡುಗಡೆಯ ದಿನ ಕೈಗೆ ಕೊಡಬೇಕು. ‘ಬಿಡುಗಡೆಯ ದಿನ’ ಅನ್ನುವ ಆ ಮಾತೇ ಮುಖ್ಯ. ಮೊದಲು ದುಡಿಮೆಯ ಕಣ್ಣು ಮಾಡಿದ ತಪ್ಪಿನ ಮೇಲಿತ್ತು. ಈಗ ಅದು ಗೇಟಿನಾಚೆಯ ಬದುಕಿನ ಕಡೆ ತಿರುಗಿತು. ನಮ್ಮ ಇಲಾಖೆಯ ಹೆಸರೂ ಹಾಗೇ ಬದಲಾಗಿದೆ. ಬಂದೀಖಾನೆ ಇಲಾಖೆ ಎನ್ನುತ್ತಿದ್ದದ್ದು ಈಗ ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಇಲಾಖೆ.

ಕೂಲಿಯ ಕತೆಯಲ್ಲಿ ಬೆಂಗಳೂರಿಗೆ ದೊಡ್ಡ ಪಾತ್ರ ಇದೆ. 1984ರ ಏಪ್ರಿಲಿನಲ್ಲಿ ಬೆಂಗಳೂರಿನ ಕೇಂದ್ರ ಕಾರಾಗೃಹದಿಂದ ಒಬ್ಬ ಕೈದಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದರು. ಜೈಲಿನ ಬೇರೆಬೇರೆ ವಿಭಾಗಗಳಲ್ಲಿ ಕಷ್ಟಪಟ್ಟು ದುಡಿದರೂ ನ್ಯಾಯವಾದ ಕೂಲಿ ಸಿಗುತ್ತಿಲ್ಲ ಎಂಬುದು ಅದರ ಮುಖ್ಯ ದೂರು. ಊಟ ತಿನ್ನುವ ಹಾಗಿಲ್ಲ ಎಂದೂ ಬರೆದಿದ್ದರು. ಕೋರ್ಟ್ ಆ ಪತ್ರವನ್ನೇ ಅರ್ಜಿಯಾಗಿ ತೆಗೆದುಕೊಂಡಿತು. ಅದರಿಂದ ಹುಟ್ಟಿದ್ದೇ ‘ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ’ ಎಂಬ 1996ರ ತೀರ್ಪು. ಇಡೀ ದೇಶದ ಜೈಲುಗಳ 9 ದೊಡ್ಡ ಸಮಸ್ಯೆಗಳನ್ನು ಅದು ಪಟ್ಟಿ ಮಾಡಿತು. ಆ ಹಳೇ ಜೈಲು ಇದ್ದ ಜಾಗವೇ ಇವತ್ತಿನ ಫ್ರೀಡಂ ಪಾರ್ಕ್. ಅಲ್ಲಿ ಉಳಿಸಿಕೊಂಡಿರುವ ಬ್ಯಾರಕ್ ನೋಡಲು ಹೋದರೆ ಈ ಪತ್ರವನ್ನೂ ಒಮ್ಮೆ ನೆನೆಯಿರಿ.

ಎರಡು ವರ್ಷದ ನಂತರ, 1998ರಲ್ಲಿ, ಗುಜರಾತಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿಷಯವನ್ನು ಇತ್ಯರ್ಥ ಮಾಡಿತು. ಕಠಿಣ ಸಜೆಯವರಿಂದ ಕೆಲಸ ಮಾಡಿಸುವುದು ಸಂವಿಧಾನ ನಿಷೇಧಿಸಿದ ಜೀತವಲ್ಲ. ಆದರೆ ಆ ಕೆಲಸಕ್ಕೆ ನ್ಯಾಯವಾದ ಕೂಲಿ ಕೊಡಲೇಬೇಕು. ಊಟ, ಬಟ್ಟೆಯ ಖರ್ಚು ಅದರಲ್ಲಿ ಕಳೆಯಬಹುದು. ಅಪರಾಧದಿಂದ ನೊಂದವರಿಗೂ ಅದರಲ್ಲಿ ಒಂದು ಪಾಲು ಹೋಗುವ ವ್ಯವಸ್ಥೆ ಆಗಲಿ ಎಂದಿತು ಕೋರ್ಟ್. ಈ ಕೊನೆಯ ಮಾತು ನನಗೆ ಬಹಳ ಇಷ್ಟ. ಕೈದಿಯ ದುಡಿಮೆ ಅವನು ನೋಯಿಸಿದ ಮನೆಯವರೆಗೂ ತಲುಪಬಹುದು ಎಂಬ ಯೋಚನೆ ಅದರಲ್ಲಿದೆ.

ಕರ್ನಾಟಕ 2022ರ ಕೊನೆಯಲ್ಲಿ ಕೈದಿಗಳ ಕೂಲಿಯನ್ನು ಸುಮಾರು ಮೂರು ಪಟ್ಟು ಏರಿಸಿತು. ದಿನಗೂಲಿ 500 ರೂಪಾಯಿ ದಾಟಿತು. ದೇಶದಲ್ಲೇ ಹೆಚ್ಚು ಎಂದು ಆಗ ಸುದ್ದಿಯಾಯಿತು. ‘ತಪ್ಪು ಮಾಡಿದವರಿಗೆ ಇಷ್ಟು ದುಡ್ಡಾ?’ ಎಂದು ಕೇಳುವವರಿದ್ದಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಆ ದುಡ್ಡು ಬರೀ ಒಳಗಿರುವವರದ್ದಲ್ಲ. ಎಷ್ಟೋ ಕಡೆ ಅದು ಮಕ್ಕಳ ಫೀಸು, ಹೆತ್ತವರ ಔಷಧಿ. ಆ ಮಕ್ಕಳಂತೂ ಯಾವ ತಪ್ಪೂ ಮಾಡಿದವರಲ್ಲ.

ಹಾಗಾದರೆ ಒಳಗೆ ಏನು ಕೆಲಸ? ನೇಯ್ಗೆ, ಹೊಲಿಗೆ, ಬಡಗಿ ಕೆಲಸ, ಬೇಕರಿ, ತೋಟ, ಅಡುಗೆಮನೆ. ಪರಪ್ಪನ ಅಗ್ರಹಾರದಲ್ಲಿ ಇವೆಲ್ಲ ಇವೆ. ದೆಹಲಿಯ ತಿಹಾರ್ ಜೈಲು ತಾನು ಮಾಡಿದ ಬಿಸ್ಕತ್ತು, ಬ್ರೆಡ್ಡು, ಪೀಠೋಪಕರಣಗಳನ್ನು ‘ಟಿಜೆಸ್’ ಎಂಬ ಬ್ರ್ಯಾಂಡಿನಲ್ಲಿ ಮಾರುತ್ತದೆ. ಕೇರಳದ ಜೈಲುಗಳು 2011ರ ಸುಮಾರಿಗೆ ಚಪಾತಿ ಮಾಡಿ ಮಾರಲು ಶುರು ಮಾಡಿದವು. ಮೊದಲಿಗೆ ಒಂದಕ್ಕೆ 2 ರೂಪಾಯಿ. ಜನ ಜೈಲಿನ ಮುಂದೆ ಸಾಲು ನಿಂತು ಕೊಂಡರು. ತೆಲಂಗಾಣದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹೈದರಾಬಾದಿನ ಚಂಚಲಗುಡ ಜೈಲಿನ ಬಳಿ ಜೈಲು ಇಲಾಖೆಯದ್ದೇ ಪೆಟ್ರೋಲ್ ಬಂಕ್ ಇದೆ. ಅಲ್ಲಿ ಕೈದಿಗಳಿಗೂ ಬಿಡುಗಡೆಯಾದವರಿಗೂ ಕೆಲಸ ಕೊಟ್ಟರು. ಪೈಪು ಹಿಡಿದವರು ಎದುರಿಗಿರುವ ಗಿರಾಕಿಯ ಮುಖ ನೋಡಿ ಮಾತಾಡಬೇಕು, ದುಡ್ಡು ಎಣಿಸಿ ಚಿಲ್ಲರೆ ಕೊಡಬೇಕು. ವರ್ಷಗಟ್ಟಲೆ ಯಾರ ಕೈಗೂ ದುಡ್ಡು ಕೊಡದ ಮನುಷ್ಯನಿಗೆ ಅದೂ ಒಂದು ತರಬೇತಿಯೇ.

ಇಲ್ಲೇ ‘ಕೆಲಸ’ ಮತ್ತು ‘ತರಬೇತಿ’ಯ ನಡುವಿನ ವ್ಯತ್ಯಾಸ ಇರುವುದು. 500 ಜನರ ಅನ್ನ ಬೇಯಿಸುವುದು ಕೆಲಸ. ಅದೇ ಮನುಷ್ಯ ಸಾಮಾನಿನ ಲೆಕ್ಕ, ಸ್ವಚ್ಛತೆಯ ನಿಯಮ, ಒಂದು ಪ್ಲೇಟಿಗೆ ಬೀಳುವ ಖರ್ಚು ಕಲಿತು, ಕೈಯಲ್ಲಿ ಸರ್ಟಿಫಿಕೇಟ್ ಹಿಡಿದು ಹೊರಗೆ ಬಂದರೆ ಅದು ತರಬೇತಿ. ಕೈಮಗ್ಗದ ಉದಾಹರಣೆ ನೋಡಿ. ಜೈಲಿನಲ್ಲಿ ಮಗ್ಗ ಇದೆ, ಯಾಕೆಂದರೆ ಜೈಲಿಗೆ ಬಟ್ಟೆ ಬೇಕು. ಹೊರಗೆ ಹೋದವನ ಊರಿನಲ್ಲಿ ಮಗ್ಗ ಇಲ್ಲದಿದ್ದರೆ? ಜೈಲಿಗೆ ಬೇಕಾದ ಕೆಲಸವೇ ಬೇರೆ, ಊರಿಗೆ ಬೇಕಾದ ಕೆಲಸವೇ ಬೇರೆ ಆದಾಗ ವರ್ಷಗಳ ಶ್ರಮ ಗೇಟಿನಲ್ಲೇ ಉಳಿದುಬಿಡುತ್ತದೆ. ಹೆಣ್ಣುಮಕ್ಕಳ ವಿಭಾಗದಲ್ಲಿ ಇದು ಇನ್ನೂ ಜಾಸ್ತಿ. ಬಹಳ ಕಡೆ ಹೊಲಿಗೆ, ಕಸೂತಿಗೇ ಮಾತು ಮುಗಿಯುತ್ತದೆ.

ಸರ್ಟಿಫಿಕೇಟಿನಲ್ಲಿ ಜೈಲಿನ ಹೆಸರು ಇರಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆ ಒಂದು ಮೊಹರು ನೋಡಿದರೆ ಸಾಕು, ಕೈಯ ಕಸುಬು ನೋಡುವ ಮೊದಲೇ ಮಾಲೀಕರು ‘ಆಮೇಲೆ ಹೇಳ್ತೀವಿ’ ಅಂದುಬಿಡುತ್ತಾರೆ.

ಇನ್ನು ಬಿಡುಗಡೆಯ ದಿನ. 2010ರಲ್ಲಿ ಒಳಗೆ ಹೋಗಿ 14 ವರ್ಷ ಕಳೆದು 2024ರಲ್ಲಿ ಹೊರಗೆ ಬಂದವರನ್ನು ಕಲ್ಪಿಸಿಕೊಳ್ಳಿ. ಅವರು ಹೋಗುವಾಗ ಯುಪಿಐ ಇರಲೇ ಇಲ್ಲ, ಅದು ಬಂದದ್ದು 2016ರಲ್ಲಿ. ಟೀ ಅಂಗಡಿಯಲ್ಲಿ ಎಲ್ಲರೂ ಫೋನು ಹಿಡಿದು ನಿಂತಿದ್ದರೆ ಅವರಿಗೆ ಏನು ನಡೆಯುತ್ತಿದೆ ಅಂತಲೇ ಗೊತ್ತಾಗುವುದಿಲ್ಲ. ಬಾಡಿಗೆ ಮನೆ ಕೇಳಿದರೆ ‘ಇಷ್ಟು ವರ್ಷ ಎಲ್ಲಿದ್ರಿ?’ ಎಂಬ ಪ್ರಶ್ನೆ. ಹಾಗಾಗಿ ಒಳ್ಳೆಯ ತರಬೇತಿ ಅಂದರೆ ಕಸುಬಿನ ಜೊತೆ ಬ್ಯಾಂಕ್ ಖಾತೆ, ಫೋನಿನ ಬಳಕೆ, ಕೆಲಸ ಕೇಳುವ ರೀತಿ, ಮನೆಯವರೊಂದಿಗೆ ಮತ್ತೆ ಮಾತು ಬೆಳೆಸುವುದು, ಇವೂ ಸೇರಬೇಕು. ಅಮೆರಿಕದಲ್ಲಿ ರ‍್ಯಾಂಡ್ ಸಂಸ್ಥೆ 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಜೈಲಿನಲ್ಲಿ ಓದು ಅಥವಾ ಕಸುಬು ಕಲಿತವರಲ್ಲಿ, ಕಲಿಯದವರಿಗಿಂತ, ಪ್ರತಿ 100 ಜನಕ್ಕೆ ಸುಮಾರು 13 ಜನ ಕಡಿಮೆ ಮತ್ತೆ ಅಪರಾಧದ ದಾರಿಗೆ ಮರಳಿದ್ದರು. ಆ 13 ಜನರ ಹಿಂದೆ 13 ಮನೆಗಳಿವೆ, ಅವರಿಂದ ಇನ್ನು ತೊಂದರೆ ಆಗದೆ ಉಳಿದ ಎಷ್ಟೋ ಜನರಿದ್ದಾರೆ.

ಎರಡು ಸಂಗತಿ ನನ್ನನ್ನು ತುಂಬ ಕಾಡುತ್ತವೆ. ಒಂದು ಜಾತಿ. ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಅಡುಗೆ ಯಾವ ಜಾತಿಯವರು ಮಾಡಬೇಕು, ಗುಡಿಸುವುದು ಯಾರು ಮಾಡಬೇಕು ಎಂದು ಬರೆದೇ ಇತ್ತು. ಸುಪ್ರೀಂ ಕೋರ್ಟ್ ಅದನ್ನು ಸಂವಿಧಾನಕ್ಕೆ ವಿರುದ್ಧ ಎಂದು ತೆಗೆದುಹಾಕಿದ್ದು 2024ರ ಅಕ್ಟೋಬರ್ 3ರಂದು, ಸುಕನ್ಯಾ ಶಾಂತಾ ಪ್ರಕರಣದಲ್ಲಿ. ಹೊಸ ಕಸುಬು ಕಲಿಸುವ ಜಾಗದಲ್ಲಿ ಹುಟ್ಟಿನ ಕಸುಬನ್ನೇ ಹೇರುತ್ತಿದ್ದರು ಎಂದರೆ ಅದಕ್ಕಿಂತ ದೊಡ್ಡ ಅನ್ಯಾಯ ಏನಿದೆ?

ಇನ್ನೊಂದು ವಿಚಾರಣಾಧೀನ ಕೈದಿಗಳದ್ದು. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅವರಲ್ಲಿ 4,34,302 ಜನರ ವಿಚಾರಣೆ ಇನ್ನೂ ಮುಗಿದಿರಲಿಲ್ಲ. ಅಂದರೆ 100ಕ್ಕೆ ಸುಮಾರು 76 ಜನ. ಅವರಿಗೆ ಸಜೆಯೇ ಆಗಿಲ್ಲ, ಹಾಗಾಗಿ ಕಠಿಣವೂ ಇಲ್ಲ, ಸಾದಾವೂ ಇಲ್ಲ. ಕೆಲಸದ ಕಡ್ಡಾಯ ಅವರಿಗಿಲ್ಲ, ಅದು ಸರಿ. ಆದರೆ ತರಬೇತಿಯ ಯೋಜನೆಗಳನ್ನು ಹೆಚ್ಚಾಗಿ ಸಜಾಬಂಧಿಗಳನ್ನು ನೋಡಿಯೇ ಮಾಡಿರುತ್ತಾರೆ. ನಾಳೆಯೇ ಜಾಮೀನು ಸಿಗಬಹುದು, ಎರಡು ವರ್ಷ ಸಿಗದೆಯೂ ಇರಬಹುದು. ಅಂಥವರಿಗೆ 6 ತಿಂಗಳ ಕೋರ್ಸು ಹೇಗೆ ಮಾಡುವುದು? ಹೀಗೆ ಜೈಲಿನ ಬಹುಪಾಲು ಜನ ನಿಜವಾಗಿಯೂ ಕಂಬಿ ಎಣಿಸುತ್ತಾ ಕೂರುತ್ತಾರೆ. ಚಿಕ್ಕ ಚಿಕ್ಕ ಕಲಿಕೆಗಳು, ಒಂದೆರಡು ವಾರದಲ್ಲಿ ಮುಗಿಯುವಂಥವು, ಬಯಸಿದ ಪ್ರತಿಯೊಬ್ಬರಿಗೂ ಸಿಗುವ ಹಾಗೆ ಆಗಬೇಕು.

ಕಠಿಣ ಸಜೆ ಎಷ್ಟು ದೂರ ಬರಬಹುದು ಎಂದು ತಿಳಿಯಬೇಕಾದರೆ ಬಯಲು ಬಂದೀಖಾನೆ ನೋಡಬೇಕು. ನಮ್ಮಲ್ಲಿ ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ಒಂದಿದೆ (ಬೆಂಗಳೂರಿನ ಬಡಾವಣೆ ಕೋರಮಂಗಲ ಬೇರೆ). ಸನ್ನಡತೆಯ ಸಜಾಬಂಧಿಗಳು ಅಲ್ಲಿ ಬೇಸಾಯ ಮಾಡುತ್ತಾರೆ. ರಾಜಸ್ಥಾನದ ಜೈಪುರದ ಪಕ್ಕ ಸಾಂಗಾನೇರಿನಲ್ಲಿ 1963ರಿಂದ ಇನ್ನೊಂದು ಬಗೆಯದ್ದು ನಡೆಯುತ್ತಿದೆ. ಅಲ್ಲಿ ಕೈದಿಗಳು ಹೆಂಡತಿ ಮಕ್ಕಳ ಜೊತೆ ಸಣ್ಣ ಮನೆಗಳಲ್ಲಿ ಇರುತ್ತಾರೆ. ಬೆಳಿಗ್ಗೆ ಹಾಜರಿ ಆದ ಮೇಲೆ ಊರೊಳಗೆ ಕೆಲಸಕ್ಕೆ ಹೋಗುತ್ತಾರೆ. ತಮ್ಮ ಅನ್ನ ತಾವೇ ದುಡಿಯುತ್ತಾರೆ, ಕರೆಂಟು ಬಿಲ್ಲು ತಾವೇ ಕಟ್ಟುತ್ತಾರೆ. ಸಂಜೆ ಹಾಜರಿ ಕೂಗುವ ಹೊತ್ತಿಗೆ ವಾಪಸು ಬಂದಿರಬೇಕು. ಅವರಲ್ಲಿ ಬಹಳ ಜನ ಜೀವಾವಧಿ ಶಿಕ್ಷೆಯವರು. ಕಾಗದದ ಮೇಲೆ ಅವರು ಅನುಭವಿಸುತ್ತಿರುವುದು ಈಗಲೂ ಕಠಿಣ ಸಜೆಯೇ.