ಹಿಂದೂಗಳ ‘ಬೈಬಲ್’ ಯಾವುದು? ಮತ್ತೆ ಬಂದ ಅದೇ ಪ್ರಶ್ನೆ

“ಕ್ರೈಸ್ತರಿಗೆ ಬೈಬಲ್ ಇದೆ, ಮುಸ್ಲಿಮರಿಗೆ ಕುರಾನ್ ಇದೆ. ಹಾಗೆಯೇ ಹಿಂದೂಗಳ ಒಂದು ಪುಸ್ತಕ ಯಾವುದು? ಭಗವದ್ಗೀತೆ ತಾನೇ?”

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಪ್ರತಿ ಸಲ ನಾಲ್ಕು ಸಾಲು ಬರೆದು ಮುಗಿಸುತ್ತೇನೆ, ತಿಂಗಳಾಗುವಷ್ಟರಲ್ಲಿ ಮತ್ತೊಬ್ಬರು ಕೇಳುತ್ತಾರೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಚಿಕ್ಕ ಉತ್ತರ ಬೇಕಾದವರಿಗೆ: ಅಂಥ ಒಂದು ಪುಸ್ತಕ ಇಲ್ಲ. ವೇದಗಳೇ ಎಲ್ಲಕ್ಕಿಂತ ದೊಡ್ಡ ಪ್ರಮಾಣ ಅಂತ ಬಹಳಷ್ಟು ಸಂಪ್ರದಾಯಗಳು ಒಪ್ಪುತ್ತವೆ. ಆದರೆ ಜನ ದಿನಾ ಕೇಳುವುದು, ಹಾಡುವುದು ರಾಮಾಯಣ, ಮಹಾಭಾರತ, ಭಾಗವತ, ಸ್ತೋತ್ರ, ದಾಸರ ಪದ. ಅಷ್ಟೇ ಉತ್ತರ.

ಇಷ್ಟು ಹೇಳಿದ ತಕ್ಷಣ “ಹಾಗಾದ್ರೆ ಗೀತೆ?” ಅಂತ ಬರುತ್ತದೆ. ಸರಿ, ಗೀತೆಯ ವಿಷಯಕ್ಕೇ ಬರೋಣ.

ಗೀತೆ ಮೊದಲಿಗೆ ಬೇರೆ ಪುಸ್ತಕವೇ ಅಲ್ಲ. ಅದು ಮಹಾಭಾರತದ ಭೀಷ್ಮಪರ್ವದ ಒಳಗೆ ಬರುವ ಭಾಗ. 18 ಅಧ್ಯಾಯ, 700 ಶ್ಲೋಕ. ಮಹಾಭಾರತಕ್ಕೆ ಒಂದು ಲಕ್ಷ ಶ್ಲೋಕ ಅನ್ನುವುದು ಸಂಪ್ರದಾಯದ ಲೆಕ್ಕ. ಆ ಲೆಕ್ಕದಲ್ಲಿ ಗೀತೆ ನೂರಕ್ಕೆ ಒಂದು ಪಾಲೂ ಆಗುವುದಿಲ್ಲ. ಚಿಕ್ಕದು ಅನ್ನುವುದಕ್ಕೆ ಇದನ್ನು ಹೇಳುತ್ತಿಲ್ಲ, ನನಗೆ ಗೀತೆ ಬಹಳ ಇಷ್ಟ. ಆದರೆ ಸಾಂಪ್ರದಾಯಿಕ ವಿಂಗಡಣೆಯಲ್ಲಿ ವೇದ, ಉಪನಿಷತ್ತು ‘ಶ್ರುತಿ’, ಅಂದರೆ ಎಲ್ಲಕ್ಕಿಂತ ಮೇಲಿನ ಪ್ರಮಾಣ. ಮಹಾಭಾರತ ‘ಸ್ಮೃತಿ’, ಅಂದರೆ ಶ್ರುತಿಯ ನಂತರದ ಪ್ರಮಾಣ, ಅದರೊಳಗಿನ ಗೀತೆಯೂ ಸ್ಮೃತಿ. ವೇದಾಂತಿಗಳು ಗೀತೆಯನ್ನು ತುಂಬಾ ಎತ್ತರದಲ್ಲಿ ಇಟ್ಟರು ನಿಜ, ಆದರೆ ಒಂಟಿಯಾಗಿ ಇಡಲಿಲ್ಲ. ಉಪನಿಷತ್ತು, ಬ್ರಹ್ಮಸೂತ್ರ, ಗೀತೆ ಈ ಮೂರನ್ನೂ ಸೇರಿಸಿ ಪ್ರಸ್ಥಾನತ್ರಯ, ಅಂದರೆ ವೇದಾಂತದ ಮೂರು ಆಧಾರಗ್ರಂಥಗಳು, ಅಂದರು.

ಗೀತೆಯನ್ನೇ ಕೇಳಿ ನೋಡಿ. “ತಸ್ಮಾಚ್ಛಾಸ್ತ್ರಂ ಪ್ರಮಾಣಂ ತೇ” ಅಂತ 16ನೇ ಅಧ್ಯಾಯದ ಕೊನೆಯಲ್ಲಿ ಕೃಷ್ಣ ಅರ್ಜುನನಿಗೆ ಹೇಳುತ್ತಾನೆ. ಯಾವುದು ಮಾಡಬೇಕು, ಯಾವುದು ಮಾಡಬಾರದು ಅನ್ನುವುದಕ್ಕೆ ಶಾಸ್ತ್ರವೇ ನಿನಗೆ ಪ್ರಮಾಣ ಅಂತ. 13ನೇ ಅಧ್ಯಾಯದಲ್ಲಿ ದೇಹ ಮತ್ತು ಅದನ್ನು ಅರಿಯುವ ಆತ್ಮದ ಮಾತು ಬಂದಾಗ, ಇದನ್ನು ಋಷಿಗಳು ಬಗೆಬಗೆಯಾಗಿ ಹಾಡಿದ್ದಾರೆ ಅನ್ನುತ್ತಾನೆ. “ನಾನೊಂದೇ ಸಾಕು” ಅನ್ನುವ ಗ್ರಂಥ ಹೀಗೆ ಬೇರೆ ಕಡೆ ಕೈ ತೋರಿಸುವುದಿಲ್ಲ, ಅಲ್ವಾ?

ಇನ್ನೊಂದು. ಶಂಕರರು ಗೀತೆಗೆ ಭಾಷ್ಯ ಬರೆದರು, ರಾಮಾನುಜರು ಬರೆದರು, ಮಧ್ವರು ಬರೆದರು. ಅದೇ 700 ಶ್ಲೋಕ. ಒಬ್ಬರಿಗೆ ಅದರಲ್ಲಿ ಅದ್ವೈತ ಕಂಡಿತು, ಇನ್ನೊಬ್ಬರಿಗೆ ವಿಶಿಷ್ಟಾದ್ವೈತ, ಮತ್ತೊಬ್ಬರಿಗೆ ದ್ವೈತ. ಗೀತೆ ಓದಿದರೆ ‘ಹಿಂದೂಗಳ ನಂಬಿಕೆ ಇದು’ ಅಂತ ಒಂದೇ ಸಾಲಿನಲ್ಲಿ ಸಿಕ್ಕಿಬಿಡುತ್ತದೆ ಅಂದುಕೊಂಡವರು ಈ ಮೂರು ಭಾಷ್ಯಗಳನ್ನು ಪಕ್ಕಪಕ್ಕ ಇಟ್ಟು ಒಂದೇ ಒಂದು ಅಧ್ಯಾಯ ಓದಬೇಕು.

ಇದು ವೇದಾಂತದ ಮಾತಾಯಿತು. ಶೈವರಿಗೆ ಪೂಜೆ, ತತ್ವ ಹೇಳುವ ಆಗಮ ಗ್ರಂಥಗಳಿವೆ. ತಮಿಳು ಶೈವರಿಗೆ ತಿರುಮುರೈ ಅನ್ನುವ ಭಕ್ತಿಪದಗಳ ಸಂಗ್ರಹ ಇದೆ. ಶ್ರೀವೈಷ್ಣವರು ಆಳ್ವಾರರು ಅನ್ನುವ ತಮಿಳು ಭಕ್ತಕವಿಗಳ ನಾಲ್ಕು ಸಾವಿರ ಪಾಶುರಗಳ (ಪದ್ಯಗಳ) ದಿವ್ಯಪ್ರಬಂಧಕ್ಕೆ ದ್ರಾವಿಡ ವೇದ ಅನ್ನುವಷ್ಟು ಗೌರವ ಕೊಡುತ್ತಾರೆ. ದೇವಿಯ ಉಪಾಸಕರ ಕೈಯಲ್ಲಿರುವ ದೇವೀಮಾಹಾತ್ಮ್ಯೆಗೂ 700 ಶ್ಲೋಕ, ಅದಕ್ಕೇ ಸಪ್ತಶತಿ ಅನ್ನುವ ಹೆಸರು. ಇವರಿಗೆಲ್ಲ “ನಿಮ್ಮ ಪುಸ್ತಕ ಗೀತೆ” ಅಂತ ಹೇಳಿಕೊಟ್ಟವರು ಯಾರು?

“ಕೋರ್ಟಲ್ಲೇ ಗೀತೆ ಮುಟ್ಟಿಸಿ ಪ್ರಮಾಣ ಮಾಡಿಸ್ತಾರಲ್ಲ!” ಈ ವಾದ ತಪ್ಪದೆ ಬರುತ್ತದೆ. ಅದು ಸಿನಿಮಾದ ಕೋರ್ಟು. ನಮ್ಮಲ್ಲಿ ಈಗ ಇರುವುದು 1969ರ ಪ್ರಮಾಣ ಕಾಯ್ದೆ. ಅದರ ಪ್ರಕಾರ ಸಾಕ್ಷಿ ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ದೇವರ ಹೆಸರೆತ್ತದೆ ಸತ್ಯವನ್ನೇ ಹೇಳುತ್ತೇನೆ ಅಂತ ದೃಢೀಕರಿಸಬಹುದು. ಆ ಮಾತುಗಳಲ್ಲಿ ಯಾವ ಪುಸ್ತಕದ ಹೆಸರೂ ಇಲ್ಲ. ಇನ್ನೂ ಹಿಂದೆ ಹೋದರೆ 1840ರ ಒಂದು ಕಾಯ್ದೆ ಸಿಗುತ್ತದೆ. ಧಾರ್ಮಿಕ ವಿಧಾನದಲ್ಲೇ ಪ್ರಮಾಣ ಮಾಡಿ ಅಂತ ಒತ್ತಾಯಿಸುವುದರಿಂದ ಜನರ ಮನಸ್ಸಿಗೆ ನೋವಾಗುತ್ತಿದೆ, ನ್ಯಾಯಕ್ಕೂ ಅಡ್ಡಿಯಾಗುತ್ತಿದೆ ಅಂತ ಅದನ್ನು ಆಗಲೇ ನಿಲ್ಲಿಸಿದರು. ಅಲ್ಲಿಯವರೆಗೆ ಯಾವುದರ ಮೇಲೆ ಪ್ರಮಾಣ ಮಾಡಿಸುತ್ತಿದ್ದರು ಅನ್ನುವಾಗ ಮುಸ್ಲಿಮರಿಗೆ ಕುರಾನ್ ಅಂತ ಆ ಕಾಯ್ದೆಯಲ್ಲಿ ಇದೆ. ಹಿಂದೂಗಳಿಗೆ ಏನು ಇದೆ ಗೊತ್ತಾ? ಗಂಗಾಜಲ! ಗೀತೆಯ ಸುದ್ದಿಯೇ ಇಲ್ಲ.

ಹಾಗಾದರೆ ಈ ‘ಒಂದೇ ಪುಸ್ತಕ’ದ ಮಾತು ಹೇಗೆ ಹಬ್ಬಿತು? 1785ರಲ್ಲಿ ಚಾರ್ಲ್ಸ್ ವಿಲ್ಕಿನ್ಸ್ ಮಾಡಿದ ಗೀತೆಯ ಇಂಗ್ಲಿಷ್ ಅನುವಾದ ಲಂಡನ್ನಿನಲ್ಲಿ ಅಚ್ಚಾಯಿತು. ಬೈಬಲ್ ಓದಿ ಬೆಳೆದ ಯುರೋಪಿನವರು ಇಲ್ಲೂ ಒಂದು ಬೈಬಲ್ ಹುಡುಕುತ್ತಿದ್ದರು. ಚಿಕ್ಕದಾಗಿ, ದೇವರೇ ಮಾತಾಡುವ ಗ್ರಂಥ ಸಿಕ್ಕಾಗ ಅದೇ ಇದು ಅಂದುಕೊಂಡಿದ್ದು ಸಹಜ. ಆಮೇಲೆ ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ತಿಲಕರು ಮಂಡಾಲೆಯ ಜೈಲಿನಲ್ಲಿ ಕೂತು ಗೀತೆಯ ಮೇಲೆ ಬರೆದರು. ಗಾಂಧೀಜಿ ಗೀತೆಯನ್ನು ಮೊದಲು ಓದಿದ್ದೇ ಲಂಡನ್ನಿನಲ್ಲಿ, ಇಂಗ್ಲಿಷಿನಲ್ಲಿ. ಪಂಡಿತರ ನಡುವೆ ಮೊದಲಿಂದಲೂ ದೊಡ್ಡದಾಗಿದ್ದ ಗ್ರಂಥ ಹೀಗೆ ಮನೆಮನೆಗೂ ಬಂತು. ಒಳ್ಳೆಯದೇ ಆಯಿತು. ಆದರೆ ಅದರ ಜೊತೆಗೆ ‘ನಮ್ಮ ಬೈಬಲ್’ ಅನ್ನುವ ಹಣೆಪಟ್ಟಿಯೂ ಅಂಟಿಕೊಂಡಿತು.

1966ರಲ್ಲಿ ಸುಪ್ರೀಂ ಕೋರ್ಟಿಗೂ ಹಿಂದೂ ಯಾರು ಅನ್ನುವ ಪ್ರಶ್ನೆ ಬಂದಿತ್ತು. ಒಬ್ಬನೇ ಪ್ರವಾದಿ ಇಲ್ಲ, ಒಬ್ಬನೇ ದೇವರಿಲ್ಲ, ಒಂದೇ ಸಿದ್ಧಾಂತವೂ ಇಲ್ಲ ಅಂತಲೇ ಮುಖ್ಯ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಬರೆದರು. ಒಂದು ಪುಸ್ತಕ ಇದ್ದಿದ್ದರೆ ಅವರ ಕೆಲಸ ಎಷ್ಟೋ ಸುಲಭವಾಗುತ್ತಿತ್ತು.

ಈ ಪ್ರಶ್ನೆಯ ಇನ್ನರ್ಧವೂ ಸರಿಯಿಲ್ಲ. ಬೈಬಲ್ ಕೂಡ ಒಂದು ಪುಸ್ತಕವಲ್ಲ. ಆ ಹೆಸರು ಬಂದದ್ದೇ ‘ಪುಸ್ತಕಗಳು’ ಅನ್ನುವ ಗ್ರೀಕ್ ಪದದಿಂದ. ಪ್ರೊಟೆಸ್ಟೆಂಟರ ಬೈಬಲಿನಲ್ಲಿ 66 ಪುಸ್ತಕ, ಕ್ಯಾಥೊಲಿಕರದ್ದರಲ್ಲಿ 73. ಕುರಾನನ್ನು ‘ಮುಸ್ಲಿಮರ ಬೈಬಲ್’ ಅನ್ನುವುದೂ ಸರಿಯಲ್ಲ. ಯೇಸುವಿನ ಬಗ್ಗೆ ಬೇರೆ ಬೇರೆಯವರು ಬರೆದ ನಾಲ್ಕು ಸುವಾರ್ತೆಗಳು ಬೈಬಲಿನಲ್ಲಿವೆ. ಮುಸ್ಲಿಮರಿಗೆ ಕುರಾನ್ ಅಂದರೆ ಅಲ್ಲಾಹನ ಮಾತೇ, ಅದೂ ಅರಬ್ಬಿಯಲ್ಲಿ. ಅನುವಾದವನ್ನು ಅವರು ಅರ್ಥ ತಿಳಿಸುವ ಬರಹ ಅಂತಷ್ಟೇ ನೋಡುತ್ತಾರೆ. ಸಿಖ್ಖರಿಗೆ ಗ್ರಂಥವೇ ಗುರು. ಕಬೀರ, ನಾಮದೇವ, ಶೇಖ್ ಫರೀದರ ಪದಗಳೂ ಅದರೊಳಗೆ ಇವೆ. ಇನ್ನು ಜೈನರಲ್ಲಿ, ಶ್ವೇತಾಂಬರರು ತಮ್ಮ ಧರ್ಮಗ್ರಂಥಗಳಾದ ಆಗಮಗಳು ಉಳಿದಿವೆ ಅಂದರೆ ದಿಗಂಬರರು ಮೂಲ ಆಗಮಗಳು ಕಳೆದುಹೋದವು ಅನ್ನುತ್ತಾರೆ.

ಯಾರೂ ಕೇಳದ ಒಂದು ಪ್ರಶ್ನೆ ಇದೆ, ನನಗೆ ನಿಜವಾಗಿ ಇಷ್ಟವಾದದ್ದು ಅದೇ. ಇವೆಲ್ಲ ಓದುವುದಕ್ಕೆ ಅಂತ ಹುಟ್ಟಿದವೇ? ಶ್ರುತಿ ಅಂದರೆ ಕೇಳಿದ್ದು. ಕುರಾನ್ ಅಂದರೆ ಪಠಣ. ಬೌದ್ಧರ ಪಾಲಿ ಸುತ್ತಗಳು ಶುರುವಾಗುವುದೇ “ಏವಂ ಮೇ ಸುತಂ”, ನಾನು ಹೀಗೆ ಕೇಳಿದ್ದೇನೆ ಅಂತ. ಗೀತೆಯೂ ಅಷ್ಟೇ, ಸಂಜಯ ಹೇಳುತ್ತಾನೆ, ಕಣ್ಣಿಲ್ಲದ ಧೃತರಾಷ್ಟ್ರ ಕೇಳುತ್ತಾನೆ.

ಬರೆಯದೆ ಉಳಿಸಿದ್ದು ಹೇಗೆ? ಋಗ್ವೇದದ ಮೊದಲ ಮೂರು ಪದ ತೆಗೆದುಕೊಳ್ಳಿ. ಅಗ್ನಿಂ, ಈಳೇ, ಪುರೋಹಿತಂ. ಪದಗಳನ್ನು ಹಿಂದೆಮುಂದೆ ಮಾಡಿ ಹೇಳುವ ಘನಪಾಠದಲ್ಲಿ ಇದನ್ನು ಹೇಳುವ ಕ್ರಮ, ಸಂಧಿ ಬಿಟ್ಟು ಬರೆದರೆ, ಹೀಗೆ: ಅಗ್ನಿಂ ಈಳೇ, ಈಳೇ ಅಗ್ನಿಂ, ಅಗ್ನಿಂ ಈಳೇ ಪುರೋಹಿತಂ, ಪುರೋಹಿತಂ ಈಳೇ ಅಗ್ನಿಂ, ಅಗ್ನಿಂ ಈಳೇ ಪುರೋಹಿತಂ. ಆಮೇಲೆ ಈಳೇ ಇಂದ ಶುರುಮಾಡಿ ಮುಂದಿನ ಮೂರು ಪದ. ಸಾಲಿನ ನಡುವೆ ಬರುವ ಒಂದು ಪದ ಹೀಗೆ ಒಟ್ಟು 13 ಸಲ ಬಾಯಿಗೆ ಬರುತ್ತದೆ, ಹಿಂದೆಮುಂದೆ ಆಗಿ. ಒಂದು ಅಕ್ಷರ ಜಾರಿದರೂ ಅಲ್ಲೇ ಗೊತ್ತಾಗುತ್ತದೆ. ಋಗ್ವೇದದ 1028 ಸೂಕ್ತಗಳು ಮೂರು ಸಾವಿರ ವರ್ಷ ಉಳಿದದ್ದು ಇಂಥ ಕಲಿಕೆಯಿಂದ. ಪುಣೆಯ ಭಂಡಾರ್ಕರ್ ಸಂಸ್ಥೆಯಲ್ಲಿ ಇರುವ, ಯುನೆಸ್ಕೊ ಪಟ್ಟಿಗೆ ಸೇರಿದ ಋಗ್ವೇದದ 30 ಹಸ್ತಪ್ರತಿಗಳಲ್ಲಿ ಎಲ್ಲಕ್ಕಿಂತ ಹಳೆಯದು 1464ನೇ ಇಸವಿಯದು. ಅದಕ್ಕಿಂತ ಹಿಂದಿನ ಅಷ್ಟೂ ಕಾಲ ಋಗ್ವೇದ ದಾಟಿ ಬಂದದ್ದು ಮುಖ್ಯವಾಗಿ ಬಾಯಿಂದ ಕಿವಿಗೆ. ಘನಪಾಠವನ್ನು ಪೂರ್ತಿ ಕಲಿತವರಿಗೆ ಘನಪಾಠಿ ಅನ್ನುತ್ತಾರೆ. ಕುರಾನಿನ 114 ಅಧ್ಯಾಯಗಳನ್ನೂ ಬಾಯಿಪಾಠ ಮಾಡಿದವರಿಗೆ ಹಾಫಿಜ್ ಅನ್ನುತ್ತಾರೆ. ಹಾಫಿಜ್ ಅಂದರೆ ಅರಬ್ಬಿಯಲ್ಲಿ ಕಾಪಾಡುವವರು ಅಂತ ಅರ್ಥ.