ಟೈಮಿಂಗ್ ಚೈನಿಗೆ ಲೈಫ್‌ಟೈಮ್ ಅಂತ ಯಾರು ಹೇಳಿದರು?

ಪ್ರಶ್ನೆ: ನಮ್ಮದು ಡೀಸೆಲ್ ಸ್ವಿಫ್ಟ್, 1.4 ಲಕ್ಷ ಕಿ.ಮೀ. ಓಡಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎರಡು ಮೂರು ಸೆಕೆಂಡ್ ಕಟಕಟ ಸದ್ದು ಬಂದು ನಿಂತುಹೋಗುತ್ತದೆ. ಮಿಸ್ತ್ರಿ ಟೈಮಿಂಗ್ ಚೈನ್ ನೋಡಬೇಕು ಅಂತಾರೆ. ಚೈನಿಗೆ ಲೈಫ್‌ಟೈಮ್ ಅಲ್ವಾ? (ಕಲಬುರಗಿಯಿಂದ ಓದುಗರೊಬ್ಬರು)

ಊರು ಬೇರೆ, ಕಾರು ಬೇರೆ, ಪ್ರಶ್ನೆ ಮಾತ್ರ ಇದೇ. ಇರಲಿ, ಮತ್ತೊಮ್ಮೆ ಹೇಳುತ್ತೇನೆ. ಟೈಮಿಂಗ್ ಚೈನ್ ಅಂದರೆ ಪಿಸ್ಟನ್ ಓಡಾಟಕ್ಕೆ ತಕ್ಕಂತೆ ವಾಲ್ವ್‌ಗಳನ್ನು, ಅಂದರೆ ಇಂಜಿನ್ನಿಗೆ ಗಾಳಿ ಬಿಡೋ, ಹೊಗೆ ಹೊರಹಾಕೋ ಬಾಗಿಲುಗಳನ್ನು, ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸೋ ಚೈನ್. ನಿಮ್ಮ ಮಿಸ್ತ್ರಿ ಹೇಳಿದ್ದು ಸರಿ. ಆ ಸದ್ದು ಇನ್ನೂ ಜಾಸ್ತಿ ಆಗೋವರೆಗೆ ಕಾಯಬೇಡಿ, ಬಿಚ್ಚಿ ನೋಡಿಸಿ.

ಈ ಲೈಫ್‌ಟೈಮ್ ಕತೆ ಹುಟ್ಟಿದ್ದು ಚೈನಿನ ಬದಲು ಬೆಲ್ಟ್ ಇದ್ದ ಗಾಡಿಗಳಿಂದ. ರಬ್ಬರ್ ಬೆಲ್ಟಿಗೆ ಇಷ್ಟು ಕಿ.ಮೀ.ಗೆ ಬದಲಿಸಿ ಅಂತ ಪುಸ್ತಕದಲ್ಲೇ ಇರುತ್ತದೆ, ಹಳೇ 2.5 ಡೀಸೆಲ್ ಇನ್ನೋವಾದಲ್ಲಂತೂ ಅದಕ್ಕೆ ಅಂತಲೇ ಮೀಟರಿನಲ್ಲಿ ಒಂದು ಲೈಟ್ ಇತ್ತು. ಚೈನಿಗೆ ಸಾಮಾನ್ಯವಾಗಿ ಅಂಥ ಲೆಕ್ಕ ಬರೆದಿರುವುದಿಲ್ಲ. ಬರೆದಿಲ್ಲ ಅಂದಮೇಲೆ ಹಾಳಾಗೋದೇ ಇಲ್ಲ ಅಂತ ನಮ್ಮ ಜನ ತೀರ್ಮಾನ ಮಾಡಿಬಿಟ್ಟರು! ಯಾವಾಗ ಹಾಳಾಗುತ್ತದೆ ಅನ್ನೋದು ನೀವು ಆಯಿಲ್ ಹೇಗೆ ನೋಡಿಕೊಂಡಿರಿ ಅನ್ನೋದರ ಮೇಲೆ ನಿಂತಿದೆ, ಅದಕ್ಕೇ ಬರೆದಿಲ್ಲ.

"ಉಕ್ಕಿನ ಚೈನ್, ಕಡಿಯೋದು ಹೇಗೆ ಸಾರ್?" ಅಂತ ಕೇಳುತ್ತಾರೆ. ಕಡಿಯೋದು ಅಪರೂಪ, ಒಪ್ಪಿದೆ. ಆದರೆ ಕೆಡೋಕೆ ಕಡಿಯಲೇಬೇಕು ಅಂತೇನಿಲ್ಲ. ಹಳೇ ಸೈಕಲ್ ಚೈನ್ ಉದ್ದವಾಗಿ ಹಲ್ಲು ಬಿಟ್ಟು ಜಿಗಿಯೋದು ನೋಡಿಲ್ವಾ? ಇಲ್ಲೂ ಅದೇ. ಕೊಂಡಿಯ ಪಿನ್ನು, ಬುಷ್ಷು ಚೂರು ಚೂರೇ ಸವೆಯುತ್ತವೆ, ಎಲ್ಲಾ ಕೊಂಡಿ ಸೇರಿದಾಗ ಚೈನ್ ಉದ್ದವಾಗುತ್ತದೆ. ಆ ಸಡಿಲವನ್ನು ಟೆನ್ಷನರ್ ಎಳೆದು ಹಿಡಿಯಬೇಕು, ಅದಕ್ಕೆ ಬಲ ಬರೋದು ಇಂಜಿನ್ ಆಯಿಲ್ ಪ್ರೆಷರ್‌ನಿಂದ. ರಾತ್ರಿಯೆಲ್ಲಾ ನಿಂತ ಗಾಡಿಯಲ್ಲಿ ಆಯಿಲ್ ಕೆಳಗಿಳಿದಿರುತ್ತದೆ. ಪ್ರೆಷರ್ ಏರೋ ತನಕ ಸಡಿಲ ಚೈನ್ ಗೈಡಿಗೆ, ಅಂದರೆ ಅದನ್ನು ದಾರಿಯಲ್ಲಿ ಹಿಡಿದಿಡೋ ಪಟ್ಟಿಗೆ, ಬಡಿಯುತ್ತದೆ, ನಿಮ್ಮ ಕಟಕಟ ಬಹುತೇಕ ಅದೇ. ಇಂಥ ಇಂಜಿನ್ ಬಿಚ್ಚಿದಾಗ ಪ್ಲಾಸ್ಟಿಕ್ ಗೈಡಿನ ಮೇಲೆ ಚೈನ್ ಕೊರೆದ ಎರಡು ಗೀರು ಕಾಣುತ್ತವೆ, ಕೆಲವೊಮ್ಮೆ ಅದರ ಚೂರುಗಳು ಕೆಳಗೆ ಆಯಿಲ್ ನಿಲ್ಲೋ ಚೇಂಬರ್‌ನ ಜಾಲರಿಯಲ್ಲಿ ಸಿಕ್ಕಿಕೊಂಡಿರುತ್ತವೆ.

ಒಂದು ಹಲ್ಲು ಜಿಗಿದರೆ ಪಿಕಪ್ ಬೀಳುತ್ತದೆ, ಚೆಕ್ ಇಂಜಿನ್ ಲೈಟ್ ಬರುತ್ತದೆ, ಸ್ಕ್ಯಾನರ್ ಹಾಕಿದರೆ ಪಿ0016 ಅಂತ, ಅಂದರೆ ಕ್ರ್ಯಾಂಕಿಗೂ ಕ್ಯಾಮಿಗೂ ಹೊಂದಾಣಿಕೆ ತಪ್ಪಿದೆ ಅನ್ನೋ ಕೋಡ್, ತೋರಿಸಬಹುದು. ಇನ್ನಷ್ಟು ಜಿಗಿದರೆ ಮುಗೀತು. 3000 ಆರ್‌ಪಿಎಂನಲ್ಲಿ ಒಂದೊಂದು ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಡೀಸೆಲ್‌ಗಳಲ್ಲೂ ಈಗಿನ ಬಹಳಷ್ಟು ಪೆಟ್ರೋಲ್‌ಗಳಲ್ಲೂ ವಾಲ್ವ್ ಇಳಿಯೋ ಜಾಗಕ್ಕೇ ಪಿಸ್ಟನ್ನೂ ಬರುತ್ತದೆ, ಬರೋ ಹೊತ್ತು ಮಾತ್ರ ಬೇರೆ. ಆ ಹೊತ್ತು ಕಾಯೋದೇ ಚೈನ್. ಹೊತ್ತು ತಪ್ಪಿದರೆ ಪಿಸ್ಟನ್ ಬಂದು ವಾಲ್ವಿಗೆ ಗುದ್ದುತ್ತದೆ, ವಾಲ್ವ್ ಬೆಂಡ್ ಆಗುತ್ತದೆ, ನಸೀಬು ಕೆಟ್ಟಿದ್ದರೆ ತುಂಡಾಗಿ ಒಳಗೆ ಬಿದ್ದು ಪಿಸ್ಟನ್ನು, ಹೆಡ್ಡು ಎರಡನ್ನೂ ತಿನ್ನುತ್ತದೆ. ಚೈನ್, ಟೆನ್ಷನರ್, ಗೈಡ್ ಎಲ್ಲಾ ಸೇರಿದ ಕಿಟ್ ದುಬಾರಿ ಅಂತ ಗೊಣಗಿದವರು ಆಮೇಲೆ ಹೆಡ್ ಇಳಿಸಿದ ಬಿಲ್ ನೋಡಬೇಕು.

ಓಡುತ್ತಾ ಇದ್ದ ಗಾಡಿ ಫಕ್ಕನೆ ಆಫ್ ಆಗಿ, ಮತ್ತೆ ಕೀ ತಿರುಗಿಸಿದಾಗ ಸೆಲ್ಫ್ ಎಂದಿಗಿಂತ ಹಗುರವಾಗಿ ತಿರುಗಿದರೆ ಚೈನ್ ಹೋಗಿರಬಹುದು, ಅಲ್ಲಿಗೇ ಬಿಡಿ. ನಾಲ್ಕು ಜನ ಸೇರಿ ತಳ್ಳಿ ಸ್ಟಾರ್ಟ್ ಮಾಡೋ ಸಾಹಸ ಬೇಡ. ಟೋ ಮಾಡಿಸಿ.

ಆಯಿಲ್ ವಿಷಯಕ್ಕೆ ಬರೋಣ. 10,000 ಕಿ.ಮೀ. ಅಥವಾ ಒಂದು ವರ್ಷ ಅಂತ ಬಹಳ ಕಾರುಗಳ ಪುಸ್ತಕದಲ್ಲಿದೆ. ಧೂಳು, ಜಾಸ್ತಿ ಐಡ್ಲಿಂಗ್ ಇದ್ದರೆ ಅದಕ್ಕೂ ಮೊದಲೇ ಬದಲಿಸಿ ಅಂತ ಅದೇ ಪುಸ್ತಕದಲ್ಲಿ ಇನ್ನೊಂದು ಸಾಲಿದೆ, ಯಾರೂ ಓದೋದಿಲ್ಲ. ಮಳಖೇಡ, ಸೇಡಂ ಕಡೆ ಸಿಮೆಂಟ್ ಲಾರಿಗಳ ಹಿಂದೆ ಓಡಾಡೋರು, ಹುಣ್ಣಿಮೆಗೆ ಗಾಣಗಾಪುರಕ್ಕೆ ಹೋಗಿ ಡ್ರೈವರ್‌ನನ್ನು ಎ.ಸಿ. ಹಾಕಿ ಗಂಟೆಗಟ್ಟಲೆ ಕೂರಿಸೋರು, ಎಲ್ಲಾ ಆ ಸಾಲಿಗೇ ಸೇರುತ್ತಾರೆ. ಮೀಟರ್ ನಿಂತಿರುತ್ತದೆ, ಆಯಿಲ್ ಮಾತ್ರ ಕೆಡುತ್ತಲೇ ಇರುತ್ತದೆ. ನನ್ನ ಕೇಳಿದರೆ 7,000ಕ್ಕೇ ಬದಲಿಸಿ.

ಕೇಳಿಲ್ಲ, ಆದರೂ ಹೇಳುತ್ತೇನೆ: ಸೆಕೆಂಡ್ ಹ್ಯಾಂಡ್ ಡೀಸೆಲ್ ನೋಡೋಕೆ ಹೋಗೋರು ಬೆಳಿಗ್ಗೆ ಆರಕ್ಕೇ ಹೋಗಿ. ಈ ಸದ್ದು ಕೇಳೋದು ಇಂಜಿನ್ ತಣ್ಣಗಿದ್ದಾಗ. ಮಾರೋರಿಗೆ ಇದು ಚೆನ್ನಾಗಿ ಗೊತ್ತು, ನೀವು ಬರೋ ಮೊದಲೇ ಒಂದು ರೌಂಡ್ ಹೊಡೆದಿಟ್ಟಿರುತ್ತಾರೆ. ಬಾನೆಟ್ ಮುಟ್ಟಿ ನೋಡೋಣ ಅಂದರೆ ನಮ್ಮ ಮೇ ತಿಂಗಳ ಬಿಸಿಲಿಗೆ ನಿಂತ ಗಾಡಿಯದ್ದೂ ಸುಡುತ್ತದೆ! "ನೀವ್ಯಾಕ್ ಬರ್ತೀರಿ ಅಣ್ಣಾ, ನಾನೇ ಮನೆಗೆ ತರ್ತೀನಿ" ಅಂದರೆ ಬೇಡ ಅನ್ನಿ, ನೀವೇ ಹೋಗಿ.